ಮೂರ್ತಿಗಳ ಬಿಸಿ ರಮ್
ಅಮೆರಿಕದ ಫೇರ್‌ಫ್ಯಾಕ್ಸ್‌ನ ಕನ್ನಡದ ಮಂದಿ ಚಳಿಗಾಲದಲ್ಲಿ ಸ್ಕೀಯಿಂಗ್‌ಗೆ ಹೊರಟರೆ ವಾಸುದೇವಮೂರ್ತಿಗಳು ಮಾತ್ರ ಹಿಮಕ್ಕೆ ಕಾಲಿಡದೆ ಬಾಡಿಗೆ ಕ್ಯಾಬಿನ್ನಿನ ಒಲೆಯ ಮುಂದೆಯೇ ಉಳಿಯುತ್ತಾರೆ; ಸಂಜೆ ಜಾರಿ ದಣಿದು ಬಂದವರಿಗೆಲ್ಲ ಕಾಕ್‌ಟೇಲ್ ಮಾಡಿಕೊಡುವುದು ಅವರ ಪಾಲಿನ ಕೆಲಸ. ತಾವು ಒಂದು ತೊಟ್ಟೂ ಕುಡಿಯದ ಈ ಪುಣ್ಯಾತ್ಮ ಸಾರಿನ ಪಾತ್ರೆಯಲ್ಲಿ ಸೇಬಿನ ರಸ, ಲವಂಗ, ಬೆಲ್ಲ ಕುದಿಸಿ, ರಮ್ ಸುರಿದು, ಮೂಗಿನಿಂದಲೇ ಹದ ನೋಡುತ್ತಾರೆ. ಅವರಿಗೆ ನೆಗಡಿಯಾದ ವರ್ಷ ಕುಡಿದವರಿಗೆ ದೇವರೇ ಗತಿ. "ಅಂಕಲ್, ಇನ್ನೊಂಚೂರು ಸ್ಟ್ರಾಂಗ್ ಮಾಡಿ" ಎಂದು ಗುಂಪಿನ ಹುಡುಗ ಪ್ರತಾಪ ಕೇಳಿದರೆ, "ಮೊದ್ಲು ಆ ಒದ್ದೆ ಸಾಕ್ಸ್ ಬಿಚ್ಚಪ್ಪಾ" ಎನ್ನುತ್ತಾರೆ. ಆದರೆ ಈ ಸಂಜೆ ಜಾರುವವರನ್ನು ಗುಡ್ಡದ ಮೇಲಕ್ಕೆ ಒಯ್ಯುವ ಲಿಫ್ಟ್ ದಿನದ ಕೆಲಸ ಮುಗಿಸಿ ನಿಂತು ಮುಕ್ಕಾಲು ಗಂಟೆಯಾದರೂ ಮೂರ್ತಿಗಳ ಹೆಂಡತಿ ನಳಿನಿ ಬಂದಿರಲಿಲ್ಲ. ಐವತ್ತೆರಡನೇ ವಯಸ್ಸಿಗೆ ಸ್ಕೀ ಕಲಿತ ಹೆಂಗಸು! "ಬರ್ತಾಳೆ ಬಿಡಿ, ಅವಳಿಗೇನಾಗತ್ತೆ" ಎನ್ನುತ್ತಲೇ ಮೂರ್ತಿಗಳು ತುಂಬಿದ ಲೋಟಕ್ಕೇ ಮತ್ತೆ ಮತ್ತೆ ರಮ್ ಸುರಿಯುತ್ತಿದ್ದರು. ಅದು ಮೇಜಿನಿಂದ ನೆಲಕ್ಕೆ ಹರಿಯುತ್ತಿದ್ದರೂ ಯಾರೂ ನಗಲಿಲ್ಲ. ಕೊನೆಗೂ ಬಾಗಿಲು ತೆರೆಯಿತು. "ದಾರಿ ತಪ್ಪಿ ಗುಡ್ಡದ ಆ ಕಡೆ ಇಳಿದ್ಬಿಟ್ಟೆ ಕಣ್ರೀ, ನಡ್ಕೊಂಡೇ ಬಂದೆ" ಎಂದಳು ನಳಿನಿ. "ಕೂತ್ಕೊ, ಬೂಟ್ ಬಿಚ್ತೀನಿ" ಎಂದು ಬಗ್ಗಿದ ಮೂರ್ತಿಗಳು, ಎರಡೂ ಬೂಟು ಬಿಚ್ಚಿದ ಮೇಲೂ ಬಹಳ ಹೊತ್ತು ತಲೆ ಎತ್ತಲಿಲ್ಲ.