ಜಾಹೀರಾತಿಗೆ ಬೋಣಿಗೆ

ಕಳೆದ ವರ್ಷ ದಸರಾ ಮುಗಿದ ಮೊದಲ ಸೋಮವಾರ, ಶಹಾಪುರದಲ್ಲಿ ನಮ್ಮ ಪಕ್ಕದ ಮನೆಯ ಹೆಣ್ಣುಮಗಳ ಬ್ಲಾಗಿನ ಜಾಹೀರಾತು ಖಾತೆಯನ್ನು ಕಂಪನಿ ಮುಚ್ಚಿತು. ಇ-ಮೇಲ್‌ನಲ್ಲಿ ಕೊಟ್ಟ ಕಾರಣ ಒಂದೇ ಸಾಲಿನದು: ಜಾಹೀರಾತುಗಳ ಮೇಲೆ ಸಹಜವಲ್ಲದ ಕ್ಲಿಕ್ಕುಗಳು ಬಿದ್ದಿವೆ.

ಆಕೆ ಬ್ಲೌಸ್ ಹೊಲಿಯುವವಳು. ಮನೆಯಲ್ಲಿ ಮಾತು ದಖ್ಖನಿ ಉರ್ದು, ಬ್ಲಾಗ್ ಮಾತ್ರ ಕನ್ನಡದಲ್ಲಿ. ಹಳೆಯ ಪತ್ರಿಕೆಯ ಹಾಳೆಯ ಮೇಲೆ ಪೆನ್ಸಿಲ್ ಗೀರೆಳೆದು, ಅಳತೆ ಬರೆದು, ಫೋಟೊ ತೆಗೆದು ಹಾಕುತ್ತಿದ್ದಳು. ಗೋಗಿ, ಮುದನಾಳ, ಸುರಪುರದ ಹೆಂಗಸರು ಅದನ್ನು ನೋಡಿ ಹೊಲಿಗೆ ಕಲಿತರು. ಅವರಿಗೆಲ್ಲ ಆಕೆ ಆಪಾ, ಅಂದರೆ ಅಕ್ಕ.

ಅತ್ತೆಗೆ ಪಾರ್ಶ್ವವಾಯು. ಎತ್ತಿ ಕೂರಿಸಲು, ಊಟ ಮಾಡಿಸಲು ಹಗಲೆಲ್ಲ ಒಬ್ಬರು ಬೇಕು. ಯಾದಗಿರಿಯ ಒಂದು ಬಟ್ಟೆ ಅಂಗಡಿಯವರು ಆಲ್ಟರೇಶನ್ ಕೆಲಸಕ್ಕೆ ಆಕೆಯನ್ನು ಕರೆಯುತ್ತಲೇ ಇದ್ದರು. ಬ್ಲಾಗಿನ ಜಾಹೀರಾತಿನ ದುಡ್ಡು ಕೈ ಹಿಡಿದರೆ ಮನೆ ಬಿಟ್ಟು ಹೋಗುವುದು ತಪ್ಪುತ್ತದೆ ಎಂಬುದು ಆಕೆಯ ಲೆಕ್ಕ.

ನಾನು ಪತ್ರಿಕೆಯ ತಾಲೂಕು ವರದಿಗಾರ. ಖಾತೆ ತೆರೆಯುವಾಗ, ಕಂಪನಿಯ ನಿಯಮಗಳು ಇಂಗ್ಲಿಷಿನಲ್ಲಿದ್ದುದರಿಂದ ಓದಿ ಹೇಳಲು ನನ್ನನ್ನು ಕರೆದಳು. ಗಿರಾಕಿ ಹೇಳುವ ಅಳತೆಯನ್ನು ಕೇಳುವ ಹಾಗೆ ಒಂದೊಂದನ್ನೂ ತಿರುಗಿ ಹೇಳಿ ಖಚಿತ ಮಾಡಿಕೊಂಡಳು. ತನ್ನ ಜಾಹೀರಾತನ್ನು ತಾನು ಒತ್ತಬಾರದು. ಒತ್ತಿರಿ ಎಂದು ಬೇರೆಯವರನ್ನು ಕೇಳಬಾರದು. ಬೆರಳು ತಪ್ಪಿ ಬೀಳುವಷ್ಟು ಹತ್ತಿರ, ಪುಟದಲ್ಲಿ ಒತ್ತುವ ಗುಂಡಿಗಳ ಪಕ್ಕದಲ್ಲಿ ಇಡಬಾರದು. ಜಾಹೀರಾತಿನ ಕೋಡನ್ನು ಬ್ಲಾಗಿಗೆ ಆಕೆಯೇ ಅಂಟಿಸಿದಳು. ಮೊದಲು ಅಳತೆಯ ಚಿತ್ರದ ಕೆಳಗೇ ಬಂದಿತ್ತು. ಅದನ್ನು ತೆಗೆದು, ಜಾಗ ಬಿಟ್ಟು, ಬರಹದ ನಡುವೆ ಹಾಕಿದಳು. ಗಂಡನಿಗೂ ಆ ಪುಟ ತೆರೆಯಬೇಡ ಎಂದಳು. ಜಾಹೀರಾತು ಬಂದಿದೆ ಎಂದು ಹೇಳಿದರೂ ಒತ್ತಿರಿ ಎಂದು ಕೇಳಿದ ಹಾಗಾಗುತ್ತದೆಂದು ಕಲಿಯುವವರ ಯಾರ ಮುಂದೆಯೂ ಬಾಯಿ ಬಿಡಲಿಲ್ಲ.

ಖಾತೆ ಮುಚ್ಚಿದ ದಿನ ನಾವಿಬ್ಬರೂ ನಿಯಮಗಳನ್ನು ಮತ್ತೆ ಮೊದಲಿನಿಂದ ಓದಿದೆವು. ಎಲ್ಲಿ ಎಡವಿದೆವೋ ತಿಳಿಯಲಿಲ್ಲ. ಮಧ್ಯಾಹ್ನ ಆಕೆ ಗೋಗಿಯ ಹೆಂಗಸೊಬ್ಬಳಿಗೆ ಫೋನು ಮಾಡಿದಳು. ಕಲಿಯುವವರಲ್ಲಿ ಎಲ್ಲರಿಗಿಂತ ಹಿರಿಯಳು, ಬಾಯಿ ಜೋರು. ಬ್ಲಾಗಿನಲ್ಲಿ ಏನಾದರೂ ಬೇರೆ ಕಂಡಿತೇ ಎಂದು ಕೇಳಿದ್ದಷ್ಟೇ. ಆ ಕಡೆಯಿಂದ ನಗು ಬಂತು.

"ನೀ ಬಾಯಿ ಬಿಟ್ಟು ಕೇಳಾಕಿ ಅಲ್ಲ ಬಿಡು ಆಪಾ. ಅಂಗಡಿ ಇಟ್ಟಾಳ, ಹೇಳೇ ಇಲ್ಲ ಅಂತ ನಾನೇ ಎಲ್ಲಾರಿಗಿ ಹೇಳೀನಿ. ದಿನಾ ಮುಂಜಾನಿ ನಿನ್ನ ಬೋಣಿಗಿ ಮಾಡೇ ನಾವು ಚಾ ಕುಡಿತೀವಿ. ನನ್ನ ಕೈಗುಣ ಚಲೋ ಅದ, ಬೇಕಾದ್ರ ಊರಾಗ ಕೇಳಿ ನೋಡು."

ನಮ್ಮ ಕಡೆ ಯಾರಾದರೂ ಹೊಸ ಅಂಗಡಿ ಇಟ್ಟರೆ ಪರಿಚಯದವರು ಸುಮ್ಮನೆ ನೋಡಿ ಬರುವುದಿಲ್ಲ. ಬೇಕಿರಲಿ ಬಿಡಲಿ, ಒಂದು ರೀಲು ದಾರವನ್ನಾದರೂ ಕೊಂಡು ದಿನದ ಮೊದಲ ವ್ಯಾಪಾರ, ಅಂದರೆ ಬೋಣಿಗೆ, ಮಾಡಿಸುತ್ತಾರೆ. ಜಾಹೀರಾತೇ ಆಪಾಳ ಅಂಗಡಿ, ಒತ್ತಿದರೆ ಅವಳಿಗೆ ಲಾಭ ಎಂದು ಆ ಹೆಂಗಸಿಗೆ ಎಲ್ಲಿಂದಲೋ ಗೊತ್ತಾಗಿದೆ. ಸಂಕೋಚ ಪಟ್ಟಾಳೆಂದು ಆಪಾಳನ್ನು ಬಿಟ್ಟು ಉಳಿದವರಿಗೆಲ್ಲ ಮೊಬೈಲಿನಲ್ಲಿ ಧ್ವನಿ ಸಂದೇಶ ಕಳಿಸಿದ್ದಾಳೆ. ಸುರಪುರದವರು ಮನೆಯ ಎಲ್ಲರ ಮೊಬೈಲಿನಿಂದಲೂ ಒತ್ತುತ್ತಿದ್ದರಂತೆ.

ಆಕೆ, "ಹೌದ್ರಿ ಅಕ್ಕಾ, ನಿಮ್ಮ ಕೈಗುಣ ಚಲೋನೇ ಅದ" ಎಂದಳು. ಅಡುಗೆ ಏನು ಮಾಡಿದಿರಿ ಎಂದು ಕೇಳಿ ಫೋನು ಇಟ್ಟಳು.

ವಿಷಯ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಏನಂತ ಹೇಳಲ್ರಿ ಅಣ್ಣಾ? ಬೋಣಿಗಿ ಮಾಡಿದವ್ರಿಗಿ, ನಿಮ್ಮಿಂದನೇ ಅಂಗಡಿ ಮುಚ್ಚೇದ ಅಂತ ಹೇಳೋದಾ?"

ಕಂಪನಿಗೆ ಮೇಲ್ಮನವಿ ಸಲ್ಲಿಸಲು ಅವಕಾಶವಿತ್ತು. ಕ್ಲಿಕ್ಕುಗಳು ಎಲ್ಲಿಂದ ಬಂದವು, ನಿಮಗೆ ಗೊತ್ತಿದ್ದರೆ ವಿವರಿಸಿ ಎಂದು ಕೇಳಿದ್ದರು. ಗೊತ್ತಿಲ್ಲ ಎಂದರೆ ಸುಳ್ಳು. ಗೊತ್ತಿದೆ ಎಂದರೆ ಪರಿಚಯದವರೇ ಒತ್ತಿದ್ದಾರೆಂದು ನಾವೇ ಒಪ್ಪಿದ ಹಾಗೆ. ಯಾರು ಒತ್ತಿದರೂ ಹೊಣೆ ಖಾತೆದಾರರದೇ ಎಂದು ನಿಯಮದಲ್ಲಿ ಸ್ಪಷ್ಟವಾಗಿತ್ತು. ಆಕೆ ಇದ್ದದ್ದು ಇದ್ದ ಹಾಗೆ ಬರೆಯಿರಿ ಎಂದಳು. ಬೋಣಿಗೆ ಎಂದರೇನು ಎಂದು ಇಂಗ್ಲಿಷಿನಲ್ಲಿ ಬರೆಯಲು ನನಗೆ ಒಂದು ಸುದ್ದಿ ಬರೆಯುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಬರೆದದ್ದನ್ನು ಓದಿದರೆ ಅಪರಾಧ ಒಪ್ಪಿಕೊಂಡ ಹೇಳಿಕೆಯ ಹಾಗೆಯೇ ಕಾಣುತ್ತಿತ್ತು. ಕಳಿಸಿದೆವು.

ದೀಪಾವಳಿಗೆ ಮುಂಚೆ ಉತ್ತರ ಬಂತು. ಖಾತೆ ಮರಳಿ ತೆರೆಯುವುದಿಲ್ಲ. ಉತ್ತರದಲ್ಲಿ ನಾವು ಬರೆದದ್ದರ ಪ್ರಸ್ತಾಪವಿರಲಿಲ್ಲ, ಕೆಳಗೆ ಯಾರ ಹೆಸರೂ ಇರಲಿಲ್ಲ. ಫೋನು ಮಾಡೋಣವೆಂದರೆ ನಂಬರೂ ಇಲ್ಲ. ಮೈದುನ ತನ್ನ ಹೆಸರಲ್ಲಿ ಇನ್ನೊಂದು ಖಾತೆ ಮಾಡಿಸುತ್ತೇನೆಂದ. ಅದಕ್ಕೆ ನಿಯಮ ಏನನ್ನುತ್ತದೆ ಎಂದು ಆಕೆ ನನ್ನನ್ನು ಕೇಳಿದಳು. ಓದಿ ಹೇಳಿದೆ. ಮೈದುನನಿಗೆ ಬೇಡವೆಂದಳು.

ಗೋಗಿಯ ಹೆಂಗಸು ಸಂಕ್ರಾಂತಿಗೆ ಬಂದಾಗ, ಈಗ ಜಾಹೀರಾತು ಕಾಣಾಕತ್ತಿಲ್ಲ, ನನ್ನ ಮೊಬೈಲ್ ಕೆಟ್ಟದೇನು ಎಂದು ವಿಚಾರಿಸಿದಳು. ಆಕೆ ಚಹಾ ತರಲು ಒಳಗೆ ಹೋದಳು.

ಯುಗಾದಿಯ ನಂತರ ಅತ್ತೆಯನ್ನು ಸುರಪುರದ ಮಗಳ ಮನೆಗೆ ಕರೆದೊಯ್ದರು. ಕಳೆದ ಸೋಮವಾರದಿಂದ ಆಕೆ ಯಾದಗಿರಿಯ ಅಂಗಡಿಗೆ ಕೆಲಸಕ್ಕೆ ಹೋಗುತ್ತಿದ್ದಾಳೆ.