ದೂರದ ಕಂಪ್ಯೂಟರಿನಲ್ಲಿ ನಿಂಗವ್ವನ ದನಿ

ಬೆಳಗ್ಗೆ ಕಾಫಿ ಕುಡಿಯುತ್ತ ಕೂತಿದ್ದಾಗ ಫೋನು ಟಿಂಗ್ ಎಂದಿತು. ಯಾರೋ ನೆನಪಿಸಿಕೊಂಡರಲ್ಲ ಎಂಬ ಆಸೆಯಿಂದ ಕನ್ನಡಕ ಹುಡುಕಿ ನೋಡಿದರೆ, ಫೋನೇ ನನಗೆ ಬರೆದ ಸಂದೇಶ. ಒಳಗೆ ಜಾಗ ತುಂಬಿದೆಯಂತೆ. ನನ್ನ ಫೋಟೋ, ಮಾತು, ಹಾಡು ಎಲ್ಲವನ್ನೂ ಇಂಟರ್ನೆಟ್ಟಿನಲ್ಲಿ ಭದ್ರವಾಗಿ ಇಟ್ಟಾಗಿದೆಯಂತೆ. ಇಲ್ಲಿರುವುದನ್ನು ಇನ್ನು ಅಳಿಸಿಬಿಡಲೇ ಎಂದು ಬಹಳ ವಿನಯದಿಂದ ಕೇಳುತ್ತಿತ್ತು. ನಿಮಗೂ ಇಂಥದ್ದು ಬಂದಿರುತ್ತದೆ, ನೀವು ಸರಿ ಎಂದು ಒತ್ತಿ ನಿಮ್ಮ ಕೆಲಸಕ್ಕೆ ಹೋಗಿರುತ್ತೀರಿ. ನಾನು ಮಾತ್ರ ಕಾಫಿ ಆರಿ ಕೆನೆಗಟ್ಟುವವರೆಗೂ ಆ ಪ್ರಶ್ನೆಯನ್ನೇ ನೋಡುತ್ತ ಕೂತೆ. ತೊಂಬತ್ತರ ದಶಕದ ಕೊನೆಯಲ್ಲಿ, ಕೆ.ಆರ್. ಪೇಟೆಯ ಒಂದು ಮಹಡಿಯ ಮೇಲೆ, ಇದೇ ಪ್ರಶ್ನೆಯನ್ನು ಒಬ್ಬ ಮೆಕ್ಯಾನಿಕ್ಕು ನನ್ನ ಗೆಳೆಯ ನಂಜೇಗೌಡನಿಗೆ ಕೇಳಿದ್ದ. ನಂಜ ಯೋಚನೆ ಮಾಡದೆ ಉತ್ತರ ಕೊಟ್ಟಿದ್ದ.

ನಾನಾಗ ಪೇಟೆಯ ಹೈಸ್ಕೂಲಿನಲ್ಲಿ ಮೇಷ್ಟ್ರು. ನಂಜ ಬಸ್ ಸ್ಟ್ಯಾಂಡಿನ ಹತ್ತಿರ, ಜೆರಾಕ್ಸ್ ಅಂಗಡಿಯ ಮೇಲೆ, ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುತ್ತಿದ್ದ. ಕೇಂದ್ರವೆಂದರೆ ದೊಡ್ಡದಾಗಿ ಕಲ್ಪಿಸಿಕೊಳ್ಳಬೇಡಿ. ಹಳೆಯ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಬೆಂಚುಗಳ ಮೇಲೆ ಕಂಪ್ಯೂಟರುಗಳನ್ನು ಕೂರಿಸಿ, ಧೂಳು ಬೀಳದಂತೆ ಹೂವಿನ ಬಟ್ಟೆ ಹೊದಿಸಿದ್ದ. ಒಳಗೆ ಬರುವವರು ಚಪ್ಪಲಿ ಬಿಟ್ಟು ಬರಬೇಕಿತ್ತು. ನನ್ನ ಕಾಲು ತೊಳೆದಿದೆಯೋ ಇಲ್ಲವೋ ಎಂದೂ ಒಮ್ಮೊಮ್ಮೆ ಬಗ್ಗಿ ನೋಡುತ್ತಿದ್ದ. ಊಟ, ಬಾಡಿಗೆ ಕೋಣೆ, ಜಗಳ, ಎಲ್ಲದರಲ್ಲೂ ನಾವಿಬ್ಬರೂ ಪಾಲುದಾರರು.

ಜಗಳದ ಮೂಲ ನೀರು. ನಾನು ನಾಗಮಂಗಲ ತಾಲ್ಲೂಕಿನವನು, ಬೆಳ್ಳೂರಿನ ಕಡೆ. ನಮ್ಮಲ್ಲಿ ಬಾವಿಯೇ ದೇವರು. ಬೇಸಿಗೆ ಬಂತೆಂದರೆ ದಿನಾ ಬೆಳಗ್ಗೆ ಬಾವಿಗೆ ಬಗ್ಗಿ ನೋಡದೆ ನಮ್ಮಪ್ಪ ಮುಖ ತೊಳೆಯುತ್ತಿರಲಿಲ್ಲ. ನಂಜನದು ಪಾಂಡವಪುರದ ಹತ್ತಿರದ ನಾಲೆ ಬಯಲು. ಕನ್ನಂಬಾಡಿ ಕಟ್ಟೆಯ ನೀರು ಗದ್ದೆಯ ಬದುವಿಗೇ ಬಂದು ನಿಲ್ಲುವ ಊರು. ನಾಲೆ ಬಂದ ವರ್ಷವೇ ಅವನ ತಾತ ಮನೆಯ ಹಿಂದಿನ ಬಾವಿಗೆ ಮಣ್ಣು ತುಂಬಿಸಿ, ಅದರ ಮೇಲೆ ತೆಂಗಿನ ಸಸಿ ನೆಟ್ಟಿದ್ದನಂತೆ. ಆ ಕಡೆ ಬಹಳ ಮನೆಗಳಲ್ಲಿ ಹಾಗೇ ಮಾಡಿದ್ದರು. "ಮನೆ ಬಾಗ್ಲಿಗೆ ಗಂಗಮ್ಮ ಬಂದವ್ಳೆ, ಇನ್ನು ಗುಂಡಿ ಇಟ್ಕಂಡು ಏನ್ ಮಾಡದು?" ಎಂದು ತಾತ ಕೇಳಿದ್ದನ್ನು ನಂಜ ಹೆಮ್ಮೆಯಿಂದ ಹೇಳುತ್ತಿದ್ದ. ನನಗೆ ಅದನ್ನು ಕೇಳಿದಾಗಲೆಲ್ಲ ಬಾಯಿ ಒಣಗುತ್ತಿತ್ತು.

ಅವನ ತಾಯಿ ನಿಂಗವ್ವ. ಆಕೆಯ ದನಿಯ ಬಗ್ಗೆ ಹೇಳದೆ ಈ ಕಥೆ ಮುಂದಕ್ಕೆ ಹೋಗುವುದಿಲ್ಲ. ನಾಲೆಯ ಈ ದಡದಲ್ಲಿ ನಿಂತು ಕರೆದರೆ ಆ ದಡದ ಎಮ್ಮೆ ತಲೆ ಎತ್ತುತ್ತಿತ್ತು. ಶನಿವಾರ ಮಧ್ಯಾಹ್ನ ನಾವಿಬ್ಬರೂ ಬಸ್ಸಿಳಿದು ನಡೆದು ಬರುವುದು ಕಂಡರೆ ಸಾಕು, ಹಿತ್ತಲಿನಿಂದಲೇ "ಉಂಡ್ಯೇನ್ಲಾ ನಂಜಾ?" ಎಂಬ ಕೂಗು ಬರುತ್ತಿತ್ತು. ಬೀದಿಯವರಿಗೆಲ್ಲ ನಂಜ ಉಂಡಿಲ್ಲವೆಂಬುದು ಗೊತ್ತಾಗುತ್ತಿತ್ತು. ಅವನಿಗೆ ನಾಚಿಕೆ. ನನಗೆ ಹೊಟ್ಟೆಕಿಚ್ಚು, ಏಕೆಂದರೆ ನನ್ನವ್ವ ಮೆಲುಮಾತಿನವಳು.

ಆ ಗಂಟಲಿಗೇ ಕಾಯಿಲೆ ಬಂತು. ಮೊದಲು ದನಿ ಒಡೆಯಿತು, ಆಮೇಲೆ ನುಂಗಲು ಕಷ್ಟವಾಯಿತು. ಮೈಸೂರಿನ ಡಾಕ್ಟರು ಪರೀಕ್ಷೆ ಮಾಡಿ, ಜೀವ ಉಳಿಯಬೇಕಾದರೆ ಧ್ವನಿಪೆಟ್ಟಿಗೆ ತೆಗೆಯಲೇಬೇಕು ಎಂದರು. ಆಸ್ಪತ್ರೆಗೆ ಸೇರಿಸುವ ಹಿಂದಿನ ದಿನ ನಂಜ ಟೇಪ್ ರೆಕಾರ್ಡರು ತಂದು ಅವ್ವನ ಮುಂದಿಟ್ಟ. ಮಾತಾಡವ್ವ ಎಂದ.

"ಈ ಡಬ್ಬದ್ ಕೂಡೆ ಏನಂತ ಮಾತಾಡ್ಲಾ? ನಂಗೇನ್ ತಲೆ ಕೆಟ್ಟದಾ?"

"ಏನಾರಾ ಅನ್ನವ್ವ. ಆಡೇಳು."

"ಆಡಂತೆ! ಎಮ್ಮೆ ಅಂಗೇ ನಿಂತದೆ, ಉಲ್ ಆಕಿಲ್ಲ, ಇಲ್ ಕುಂತ್ಕಂಡು ಆಡೇಳ್ಲಾ? ಓಗು, ಮೊದ್ಲು ಉಣ್ಣೋಗು. ಈ ಮೇಷ್ಟ್ರುನ್ನೂ ಕರ್ಕಂಡೋಗು. ಗಾಳಿ ಬಂದ್ರೆ ಬಿದ್ದೋಗಂಗವ್ನೆ, ಐಕ್ಳಿಗೆ ಅದೆಂಗ್ ಪಾಠ ಮಾಡ್ತಾನೋ ಕಾಣೆ."

ಅಷ್ಟೇ. ಹಾಡಿಲ್ಲ, ಹಸೆಯಿಲ್ಲ. ಎಮ್ಮೆಗೆ ಬೈಗುಳ, ಮಗನಿಗೆ ಬೈಗುಳ, ನನ್ನ ಮೈಕಟ್ಟಿನ ವಿಮರ್ಶೆ, ಕೊನೆಯಲ್ಲೊಂದು ಸೀನು. ಒಡೆದ ದನಿಯಲ್ಲಿ ಆಕೆ ಭೂಮಿಯ ಮೇಲೆ ಬಿಟ್ಟು ಹೋದ ಮಾತು ಅಷ್ಟು. ನಂಜ ಕ್ಯಾಸೆಟ್ಟನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಆಸ್ಪತ್ರೆಗೆ ಬಂದ. ಆಪರೇಶನ್ ಚೆನ್ನಾಗಿಯೇ ಆಯಿತು. ನಿಂಗವ್ವ ಬದುಕಿದಳು, ಕುತ್ತಿಗೆಯಲ್ಲೊಂದು ತೂತು ಇಟ್ಟುಕೊಂಡು. ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎಮ್ಮೆಗೆ ಹುಲ್ಲು ಹಾಕುವಾಗ ಆಕೆಯ ತುಟಿ ಆಡುತ್ತಲೇ ಇರುತ್ತಿದ್ದವು. ಏನೂ ಕೇಳಿಸುತ್ತಿರಲಿಲ್ಲ. ನಾನು ಆ ಮನೆಗೆ ಹೋಗುವುದನ್ನು ಕಡಿಮೆ ಮಾಡಿದೆ, ನೋಡಲಾಗುತ್ತಿರಲಿಲ್ಲ.

ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯುತ್ತದೆ ಎಂಬ ಭಯಕ್ಕೆ ನಂಜ ಆ ದನಿಯನ್ನು ತನ್ನ ಕಂಪ್ಯೂಟರಿಗೆ ಇಳಿಸಿದ. ಅಲ್ಲಿಗೆ ಸುಮ್ಮನಿದ್ದಿದ್ದರೆ ನಾನು ಇವತ್ತು ಬಿಸಿ ಕಾಫಿ ಕುಡಿದಿರುತ್ತಿದ್ದೆ. ಆದರೆ ಆ ವರ್ಷ ಇನ್ನೊಂದು ಸುದ್ದಿ ಹಬ್ಬಿತ್ತು. ನಿಮಗೆ ನೆನಪಿರಬಹುದು. ಎರಡು ಸಾವಿರದ ಇಸವಿ ಬಂದ ಗಳಿಗೆಯಲ್ಲೇ ಕಂಪ್ಯೂಟರುಗಳೆಲ್ಲ ತಲೆ ಕೆಟ್ಟು ಕೂರುತ್ತವೆ, ಒಳಗಿದ್ದದ್ದೆಲ್ಲ ಹಾಳು, ಎಂದು. ಮಾಕವಳ್ಳಿ ಸಕ್ಕರೆ ಕಾರ್ಖಾನೆಯ ಕಬ್ಬಿನ ಲಾರಿಯವರೂ ಟೀ ಅಂಗಡಿಯಲ್ಲಿ ಅದನ್ನೇ ಮಾತಾಡುತ್ತಿದ್ದರು. ನಂಜನ ಕಂಪ್ಯೂಟರುಗಳೋ ಮೊದಲೇ ಮುದಿ. ಅವನು ಹಗಲೆಲ್ಲ ಒದ್ದಾಡಿದ.

ಆಗ ಅವನಿಗೆ ಸಿಕ್ಕಿದ್ದು ಇಂಟರ್ನೆಟ್ಟಿನೊಳಗಿನ ಕಂಪ್ಯೂಟರು. ನನಗೆ ಅರ್ಥವಾದಷ್ಟು ಹೇಳುತ್ತೇನೆ. ಕಂಪ್ಯೂಟರು ಎದ್ದು ಕೂತು ನಮ್ಮ ಮಾತು ಕೇಳುವಂತೆ ಮಾಡುವುದು ಅದರೊಳಗಿನ ಆಪರೇಟಿಂಗ್ ಸಿಸ್ಟಮ್. ಅದೂ ನಮ್ಮ ಮೇಜಿನ ಮೇಲೆ ಇರಬೇಕಾಗಿಲ್ಲ, ನಮ್ಮ ಸಾಮಾನೂ ಇಲ್ಲಿರಬೇಕಾಗಿಲ್ಲ, ಎಲ್ಲವೂ ಅಮೆರಿಕದಲ್ಲಿರುತ್ತದೆ, ನಾವು ಫೋನ್ ಲೈನಿನ ಮೂಲಕ ಇಣುಕಿ ನೋಡಿದರಾಯಿತು ಎಂದು ಯಾವುದೋ ಕಂಪನಿ ಹೊರಟಿತ್ತು. ಪುಕ್ಕಟೆ ಬೇರೆ. ಹೆಸರು, ಗುಟ್ಟಿನ ಪದ ಹೊಡೆದರೆ ಪರದೆಯೊಳಗೆ ಇನ್ನೊಂದು ಪರದೆ ತೆರೆಯುತ್ತಿತ್ತು, ಅದರಲ್ಲಿ ಪುಟ್ಟ ಪುಟ್ಟ ಪೆಟ್ಟಿಗೆಗಳು.

ಇದರ ಸಾಧಕ ಬಾಧಕಗಳನ್ನು ನಾವು ಟೀ ಅಂಗಡಿಯ ಬೆಂಚಿನ ಮೇಲೆ ಚರ್ಚಿಸಿದೆವು. ನಂಜ ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ. ವೋಲ್ಟೇಜು ಏರಿಳಿದು ಇಲ್ಲಿಯ ಯಂತ್ರ ಸುಟ್ಟರೂ ಅಲ್ಲಿಯದು ಸುಡುವುದಿಲ್ಲ. ವೈರಸ್ ಕಾಟವಿಲ್ಲ. ಫ್ಲಾಪಿ ಹೊತ್ತು ತಿರುಗಬೇಕಿಲ್ಲ. ಯಾವ ಊರಿನ ಯಾವ ಕಂಪ್ಯೂಟರಿನ ಮುಂದೆ ಕೂತರೂ ಅದು ನಿನ್ನದೇ ಆಗಿಬಿಡುತ್ತದೆ. ಹಳೆಯ ಯಂತ್ರವಾದರೂ ನಡೆಯುತ್ತದೆ, ಏಕೆಂದರೆ ದುಡಿಯುವುದು ಇದಲ್ಲ, ಅದು.

"ಲೈನ್ ಕಟ್ಟಾದ್ರೆ?" ಎಂದೆ.

"ಇವತ್ ಕಟ್ಟಾದ್ರೆ ನಾಳೀಕ್ ಬತ್ತದೆ ಬುಡ್ಲಾ."

"ಆ ಕಂಪನಿಯವ್ರು ಯಾರು? ನೀನು ಮುಖ ನೋಡಿದ್ದೀಯಾ?"

"ಕಟ್ಟೇಲಿ ತೂಬು ಎತ್ತೋನ್ ಮಕ ನಮ್ಮೂರ್ನಾಗೆ ಯಾರ್ ನೋಡವ್ರೆ? ನೀರ್ ಬತ್ತಾ ಇಲ್ವಾ? ನಿಂದು ಬಾವಿ ಬುದ್ಧಿ ಕಣ್ಲಾ. ಯಾವಾಗ್ಲೂ ಬಗ್ಗಿ ನೋಡ್ಬೇಕು ನಿಂಗೆ."

ಟೀ ಕುಡಿದು ಎದ್ದೆ. ಮೈಸೂರಿನ ನಂಬರಿಗೆ ಎಸ್‌ಟಿಡಿ ಹಚ್ಚಿ, ಮಧ್ಯೆ ಲೈನು ಕಟ್ಟಾದಾಗೆಲ್ಲ ಮೊದಲಿಂದ ಶುರುಮಾಡಿ, ಅವನು ಅವ್ವನ ದನಿಯನ್ನು ಅಂತೂ ಅಮೆರಿಕಕ್ಕೆ ಏರಿಸಿದ.

ಕಾರ್ತಿಕದಲ್ಲಿ ನಿಂಗವ್ವನನ್ನು ಹೊಳೆ ಸ್ನಾನಕ್ಕೆಂದು ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋದೆವು. ಕುತ್ತಿಗೆಗೆ ನೀರು ಹೋಗಬಾರದು, ಆದ್ದರಿಂದ ಕಾವೇರಿಯಲ್ಲಿ ಕಾಲು ಅದ್ದಿ, ತಲೆಗೆ ಪ್ರೋಕ್ಷಣೆ ಮಾಡಿಕೊಂಡಳು. ವಾಪಸು ಬರುವಾಗ ಬಸ್ ನಿಲ್ದಾಣದ ಬಳಿ, ಕೋಟೆ ನೋಡಲು ಬರುವ ಪ್ರವಾಸಿಗಳಿಗೆಂದು ಹೊಸದಾಗಿ ತೆರೆದಿದ್ದ ಇಂಟರ್ನೆಟ್ ಅಂಗಡಿ ಕಂಡಿತು. ನಂಜ ಅವ್ವನನ್ನು ಕುರ್ಚಿಯಲ್ಲಿ ಕೂರಿಸಿ, ತನ್ನ ಹೆಸರು ಹೊಡೆದ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಸ್ಪೀಕರಿನಿಂದ ಕರಕರ ಸದ್ದು, ಅದರ ಹಿಂದೆಯೇ "ಈ ಡಬ್ಬದ್ ಕೂಡೆ ಏನಂತ ಮಾತಾಡ್ಲಾ?"

ನಿಂಗವ್ವ ತಟ್ಟನೆ ಹಿಂದಕ್ಕೆ ತಿರುಗಿ, ಯಾರು ಬೈಯುತ್ತಿದ್ದಾರೆಂದು ನೋಡಿದಳು. ಆಮೇಲೆ ಅರ್ಥವಾಯಿತು. ಎಮ್ಮೆಯ ಮಾತು ಬಂದಾಗ ಮೈಯೆಲ್ಲ ಕುಲುಕಿಸಿ ನಕ್ಕಳು, ಸದ್ದಿಲ್ಲದೆ. ನನ್ನನ್ನು ಬೈದ ಜಾಗ ಬಂದಾಗ ಕೈಚಾಚಿ ನನ್ನ ಬೆನ್ನು ತಟ್ಟಿದಳು. ಮುಗಿದ ಮೇಲೆ ಕಿವಿ ಮುಟ್ಟಿಕೊಂಡು, ಇನ್ನೊಮ್ಮೆ ಎಂದು ಬೆರಳು ತೋರಿಸಿದಳು. ನಂಜ ಮತ್ತೆ ಹಾಕಿದ. ಮತ್ತೆ ಕಿವಿ ಮುಟ್ಟಿದಳು. ಅಂಗಡಿಯವನು ಗಡಿಯಾರ ನೋಡುವುದನ್ನು ಬಿಟ್ಟು ತಾನೂ ಬಂದು ನಿಂತ.

"ಎಲ್ಲದೆ ಅಂತೀಯಾ ಅವ್ವ? ಮೇಲದೆ. ಅಮೆರಿಕದಾಗೆ. ಎಲ್ಲಿ ಬೇಕಾದ್ರೂ ಕೇಳ್ಬೋದು," ಎಂದು ನಂಜ ಆಕಾಶ ತೋರಿಸಿ ಹೇಳಿದ. ಆ ಮಧ್ಯಾಹ್ನ ನನಗೂ ನಂಬಿಕೆ ಬಂದುಬಿಟ್ಟಿತ್ತು. ಬಾವಿ ಬುದ್ಧಿಗೆ ನಾಚಿಕೆಯಾಯಿತು.

ಅಲ್ಲಿಂದ ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಊರಿನ ನಾಟಕದ ಹಾರ್ಮೋನಿಯಂ ಮೇಷ್ಟ್ರು ಹಾಡಿನ ಮಟ್ಟು ತುಂಬಿಕೊಳ್ಳಲು ಒಂದು ಕ್ಯಾಸೆಟ್ಟು ಕೇಳಿದರು, ನಂಜ ಅವ್ವನ ಕ್ಯಾಸೆಟ್ಟನ್ನೇ ಕೊಟ್ಟ. ವರ್ಷ ಮುಗಿಯುವ ಮುಂಚೆ ಕಂಪ್ಯೂಟರುಗಳನ್ನು ಹೊಸ ಇಸವಿಗೆ ಸಜ್ಜು ಮಾಡಲು ಮೆಕ್ಯಾನಿಕ್ಕು ಬಂದ. ಪೂರಾ ಒರೆಸಿ ಹೊಸದಾಗಿ ಹಾಕಬೇಕು, ಒಳಗಿರುವುದು ಬೇಕಾ ಎಂದು ಕೇಳಿದ. ನಾನು ಅಲ್ಲೇ ಇದ್ದೆ. ಇರಲಿ ಬಿಡೋ ನಂಜ, ಎಲ್ಲಾದರೂ ಒಂದು ಕಡೆ ಇಟ್ಟಿರು ಎಂದೆ.

"ಮೇಲದೆಯಲ್ಲ. ಒರೆಸ್ಬುಡಿ," ಎಂದ ನಂಜ.

ಅವನು ಸೋಮಾರಿಯಲ್ಲ, ಅವ್ವನ ಮೇಲೆ ಪ್ರೀತಿಯಿಲ್ಲದವನೂ ಅಲ್ಲ. ನೀರು ಬಂದ ಮೇಲೆ ಬಾವಿ ಮುಚ್ಚುವುದು ಆ ಮನೆಯಲ್ಲಿ ಬುದ್ಧಿವಂತಿಕೆಯ ಕೆಲಸವಾಗಿತ್ತು.

ಹೊಸ ಇಸವಿ ಬಂತು. ಕಂಪ್ಯೂಟರುಗಳಿಗೆ ಏನೂ ಆಗಲಿಲ್ಲ. ಹೂವಿನ ಬಟ್ಟೆ ತೆಗೆದು ಗುಂಡಿ ಒತ್ತಿದರೆ ಎಲ್ಲವೂ ಎಂದಿನಂತೆ ಎದ್ದು ಕೂತವು. ಆ ಮುದಿ ಯಂತ್ರಗಳ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ತೆರೆಯದೆ ಹೋದದ್ದು ಅಮೆರಿಕದ್ದು. ಕಂಪನಿ ಮುಚ್ಚಿದೆ, ಇಷ್ಟು ದಿನ ಬಳಸಿದ್ದಕ್ಕೆ ವಂದನೆ ಎಂದು ಇಂಗ್ಲಿಷಿನಲ್ಲಿ ಎರಡು ಸಾಲು ಬಂತು. ಕೆಲವು ದಿನಗಳಲ್ಲಿ ಆ ಸಾಲೂ ಹೋಗಿ ಬರೀ ಬಿಳಿ ಪರದೆ ಉಳಿಯಿತು. ನಂಜ ಸಿಕ್ಕ ವಿಳಾಸಗಳಿಗೆಲ್ಲ ಬರೆದ. ನನ್ನ ಕೈಯಲ್ಲೂ ಇಂಗ್ಲಿಷಿನಲ್ಲಿ ಬರೆಸಿದ. ಬೈಗುಳ ತುಂಬಿದ ಒಬ್ಬ ಹೆಂಗಸಿನ ದನಿ ನಮಗೆ ಏಕೆ ಬೇಕೆಂಬುದನ್ನು ಆ ಭಾಷೆಯಲ್ಲಿ ಹೇಗೆ ಹೇಳುವುದೆಂದು ನನಗೆ ತಿಳಿಯಲಿಲ್ಲ, ಆದರೂ ಬರೆದೆ. ಯಾರೂ ಉತ್ತರಿಸಲಿಲ್ಲ. ನಾಟಕದವರ ಕ್ಯಾಸೆಟ್ಟನ್ನೂ ತಂದು ಕೊನೆಯವರೆಗೂ ಕೇಳಿದೆವು. ಪೂರಾ ಹಾರ್ಮೋನಿಯಂ.

ನಿಂಗವ್ವನಿಗೆ ಅವನು ಹೇಳಲಿಲ್ಲ. ಆಕೆ ಆಗಾಗ ಕಿವಿ ಮುಟ್ಟಿಕೊಂಡು ಆಕಾಶ ತೋರಿಸುತ್ತಿದ್ದಳು. "ಲೈನ್ ಸಿಗ್ತಾ ಇಲ್ಲ ಕಣವ್ವ," ಎನ್ನುತ್ತಿದ್ದ ನಂಜ. ಆಕೆ ತಲೆಯಾಡಿಸಿ ಸುಮ್ಮನಾಗುತ್ತಿದ್ದಳು, ನಾಲೆಯಲ್ಲಿ ನೀರು ತಡವಾದರೆ ಕಾಯುವಂತೆ. ಕಾಯುತ್ತಲೇ ತೀರಿಕೊಂಡಳು. ಕೊನೆಯ ಸಲ ನಾನು ನೋಡಿದಾಗಲೂ ಕೈ ಕಿವಿಯ ಹತ್ತಿರವೇ ಇತ್ತು.

ಈಗ ನಂಜ ಪಾಂಡವಪುರದಲ್ಲಿ ಬಿತ್ತನೆ ಬೀಜದ ಅಂಗಡಿ ಇಟ್ಟಿದ್ದಾನೆ, ಕಂಪ್ಯೂಟರು ಮುಟ್ಟುವುದಿಲ್ಲ. ಮಾತಾಡಿದಾಗೆಲ್ಲ ಕೊನೆಯಲ್ಲಿ, "ಅವ್ವ ಎಂಗ್ ಬಯ್ತಿತ್ತು ಅನ್ಲಾ," ಎನ್ನುತ್ತಾನೆ. ನಾನು ಗಂಟಲು ಸರಿಮಾಡಿಕೊಂಡು, "ಉಂಡ್ಯೇನ್ಲಾ ನಂಜಾ?" ಎಂದು ಕೂಗುತ್ತೇನೆ. ಅವನು, "ಅಂಗೇ ಕಣ್ಲಾ, ಅಂಗೇ," ಎಂದು ನಗುತ್ತಾನೆ. ಇಷ್ಟು ವರ್ಷ ಹಾಗೇ ನಡೆದುಕೊಂಡು ಬಂದಿದೆ.

ಈ ಬೆಳಗ್ಗೆ ಫೋನಿನ ಪ್ರಶ್ನೆಯ ಮುಂದೆ ಕೂತು ಆ ಕೂಗನ್ನು ಮನಸ್ಸಿನಲ್ಲೇ ಕೇಳಿಸಿಕೊಳ್ಳಲು ನೋಡಿದೆ. ಮಾತು ಬಂತು. ಆದರೆ ದನಿ ನಿಂಗವ್ವನದಲ್ಲ, ಮೆಲುಮಾತಿನ ನನ್ನವ್ವನದು. ಮತ್ತೆ ಮತ್ತೆ ನೋಡಿದೆ. ನನ್ನವ್ವನದೇ. ಬೇಡ ಎಂದು ಒತ್ತಿ ನಂಜನಿಗೆ ಫೋನು ಮಾಡಿದೆ. ಬೇಡ ಎಂದದ್ದರಿಂದ ಏನೂ ಉಳಿಯುವುದಿಲ್ಲವೆಂದು ನನಗೆ ಗೊತ್ತು. ಊರಲ್ಲಿ ನಮ್ಮ ಬಾವಿಯೂ ಬತ್ತಿ ಎಷ್ಟೋ ಕಾಲವಾಯಿತು.

"ನಂಜ, ನಿಮ್ಮವ್ವನ ದನಿ ನನಗೆ ಮರೆತುಹೋಗಿದೆ ಕಣೋ," ಎಂದೆ.

"ನಂಗೆ ಯಾವಾಗ್ಲೋ ಮರ್ತೋಯ್ತು ಕಣ್ಲಾ," ಎಂದ. "ನೀನ್ ಅಂತಿದ್ದಲ್ಲ, ಅದ್ನೇ ಅವ್ವಂದು ಅಂದ್ಕಂಡಿದ್ದೆ." "ಓಗ್ಲಿ, ಸುಳ್ಳಾದ್ರೂ ಸರಿ. ಒಂದ್ಸಲ ಅನ್ನು," ಎಂದ.

ನಾನು ಬಾಯಿ ತೆರೆದೆ. ಲೈನು ಚೆನ್ನಾಗಿಯೇ ಇತ್ತು, ಅವನ ಅಂಗಡಿಯ ಮುಂದೆ ಹೋಗುವ ಬಸ್ಸಿನ ಸದ್ದೂ ಕೇಳುತ್ತಿತ್ತು. ತುಟಿ ಆಡಿದವು. ದನಿ ಬರಲಿಲ್ಲ.