ಬಾಗಿಲಾಚೆಯ ಕಾಲು

ಬರ್ಮಾದ ಯುದ್ಧದಲ್ಲಿ ಬಲಗಾಲು ಕಳೆದುಕೊಂಡ ದೊಡ್ಡಬೆಳವಂಗಲದ ಆವಲಪ್ಪನಿಗೆ ಪುಣೆಯ ಮಿಲಿಟರಿಯವರು ಮರದ ಕಾಲು ಕೊಟ್ಟರು. ತೊಡೆಗೆ ಬಿಗಿಯುವ ಚರ್ಮದ ಪಟ್ಟಿ, ತುದಿಯಲ್ಲಿ ಕಳಚಲು ಬಾರದ ಬೂಟು. ಊರವರೆಲ್ಲ ಬಂದು ಮುಟ್ಟಿ ನೋಡಿಹೋದರು. ಮನೆಯೊಳಗೆ ಮಾತ್ರ ಅದಕ್ಕೆ ಜಾಗವಿರಲಿಲ್ಲ.

"ದೇವ್ರಿರೋ ಮನೆ ಕಣಪ್ಪಾ. ಚರ್ಮ, ಬೂಟು ಎಲ್ಲಾ ಆಚೇನೇ ಇರ್ಲಿ" ಎಂದಿದ್ದಳು ತಾಯಿ ಮುನಿವೆಂಕಟಮ್ಮ.

ಕೆಟ್ಟ ಹೆಂಗಸಲ್ಲ. ಮಗ ಬದುಕಿ ಬರಲೆಂದು ಮನೆದೇವರಿಗೆ ಮುಡಿಪು ಕಟ್ಟಿದವಳು. ಅದೇ ದೇವರಿಗೆ ಮೈಲಿಗೆಯಾದರೆ ಹೇಗೆ? ಹಾಗಾಗಿ ಹೊಲದಿಂದ ಬಂದಾಗಲೆಲ್ಲ ಆವಲಪ್ಪ ಜಗಲಿಯ ಮೇಲೆ ಕೂತು ಪಟ್ಟಿ ಬಿಚ್ಚಿ, ಕಾಲನ್ನು ಚಪ್ಪಲಿಗಳ ಪಕ್ಕ ನಿಲ್ಲಿಸಿ, ಹೊಸಿಲು ದಾಟಿ ತೆವಳಿಕೊಂಡು ಒಳಗೆ ಹೋಗುತ್ತಿದ್ದ. ತನ್ನ ಮನೆಯೊಳಗೆ ತಾನು ನಡೆದುಕೊಂಡು ಹೋಗಬೇಕು, ಅವನಿಗಿದ್ದ ಆಸೆ ಅದೊಂದೇ. ದಿನಾ ಕೇಳಬೇಕೆಂದುಕೊಳ್ಳುವುದು, ದಿನಾ ಸುಮ್ಮನಾಗುವುದು. ಅದರಲ್ಲೇ ಜೀವ ಸಾಕಾಗಿತ್ತು.

ನಲವತ್ತೇಳನೇ ಇಸವಿಯಲ್ಲಿ ಪಟ್ಟಿ ಸವೆದು ತೊಡೆ ಹುಣ್ಣಾಯಿತು. ರಿಪೇರಿಗೆ ಪುಣೆಗೇ ಹೋಗಬೇಕು. ಯಲಹಂಕದಿಂದ ಹೊರಡುವ ಮಿಲಿಟರಿ ವಿಮಾನದಲ್ಲಿ ಜಾಗವಿದೆ, ಬಾ ಎಂದು ಹೇಳಿಕಳಿಸಿದರು.

ವಿಮಾನದ ಬಾಗಿಲು ತೆರೆದಿತ್ತು. ಒಳಗಿನ ನೆಲ ಬೆಳಗಿದ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ಆವಲಪ್ಪ ಯೋಚನೆಯನ್ನೇ ಮಾಡಲಿಲ್ಲ. ಮೆಟ್ಟಿಲ ಬುಡದಲ್ಲಿ ಕೂತು ಕಾಲು ಬಿಚ್ಚಿಟ್ಟ. ಕೈಯೂರಿ ಒಂದೊಂದೇ ಮೆಟ್ಟಿಲು ಹತ್ತಿ, ಒಳಗೆ ಹೋಗಿ ಕೂತುಬಿಟ್ಟ. ಅಷ್ಟಕ್ಕೇ ಮೈಯೆಲ್ಲ ಬೆವರು.

ಇನ್ನೇನು ಬಾಗಿಲು ಹಾಕಬೇಕು, ಕೋಲಾರದ ಕಡೆಯ ಸಿಪಾಯಿ ಚಿನ್ನಸ್ವಾಮಿ ಆ ಕಾಲನ್ನು ಬಗಲಲ್ಲಿಟ್ಟುಕೊಂಡು ಓಡಿಬಂದ.

"ಏನಣ್ಣಾ, ಕಾಲು ಕೆಳಗೇ ಬಿಟ್ಟು ಪುಣೇಲಿ ಏನು ತೋರಿಸ್ತೀಯ?"

"ಚರ್ಮ ಅಲ್ವಾ, ಒಳಿಕ್ ತರಬಾರ್ದು ಅಂತ..."

ವಿಮಾನದಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಚಿನ್ನಸ್ವಾಮಿ ನಗಲಿಲ್ಲ.

"ಕಾಲು ಕಣಣ್ಣಾ ಇದು. ಕಾಲು ಯಾರಾದ್ರೂ ಬಾಗ್ಲಾಚೆ ಬಿಟ್ಟು ಬರ್ತಾರಾ?" ಎಂದು ಆವಲಪ್ಪನ ತೊಡೆಯ ಮೇಲಿಟ್ಟ.

ಪುಣೆ ಬರುವವರೆಗೂ ಆವಲಪ್ಪ ಅದನ್ನು ತಬ್ಬಿಕೊಂಡೇ ಕೂತಿದ್ದ. ಕಿಟಕಿಯಾಚೆ ಮೋಡವಿತ್ತಂತೆ, ಅವನು ನೋಡಲಿಲ್ಲ. ಅಳು ಬರುತ್ತಿತ್ತು, ಯಾಕೆಂದು ಅವನಿಗೇ ಸರಿಯಾಗಿ ತಿಳಿಯಲಿಲ್ಲ.

ವಾಪಸು ಬರುವಾಗ ರೈಲೇ ಗತಿಯಾಯಿತು. ಹೊಸ ಪಟ್ಟಿ ಬಿಗಿದುಕೊಂಡು ಮನೆ ಮುಟ್ಟುವಷ್ಟರಲ್ಲಿ ಮೂಳೆಮೂಳೆಯೂ ನೋಯುತ್ತಿತ್ತು. ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ತಾಯಿ ಮುಖವರಳಿಸಿದಳು.

"ಬಂದ್ಯಾ ಮಗಾ? ಕಾಲು ಬಿಚ್ಚಿಡು, ಮುದ್ದೆ ಬಿಸಿ ಐತೆ."

"ಬಿಚ್ಚಲ್ಲ ಕಣಮ್ಮಾ. ಬಿಚ್ಚಿ ಬಿಚ್ಚಿ ಸಾಕಾಗೋಯ್ತು. ಇದು ಚಪ್ಲಿ ಅಲ್ಲ, ನನ್ ಕಾಲು. ಇದು ಆಚೆ ಇರೋದಾದ್ರೆ ನಾನೂ ಆಚೇನೇ ಇರ್ತೀನಿ."

ಮುನಿವೆಂಕಟಮ್ಮ ಮರದ ಕಾಲನ್ನು ನೋಡಿ, ಅವರೆಕಾಯಿ ಪಕ್ಕಕ್ಕೆ ಸರಿಸಿ ಎದ್ದು ಒಳಗೆ ಹೋದಳು. ಅಮ್ಮನನ್ನು ನೋಯಿಸಿದೆನಲ್ಲ ಎಂದುಕೊಂಡ ಆವಲಪ್ಪ.

ಅವಳು ಚೊಂಬಿನಲ್ಲಿ ನೀರು ತಂದಳು. ಅವನು ಎಂದಿನಂತೆ ಎಡಗಾಲು ಚಾಚಿದ. ನೀರು ಹಾಕಿದ ಮೇಲೂ ಅವಳು ಚೊಂಬು ಇಳಿಸಲಿಲ್ಲ.

"ಇನ್ನೊಂದು?" ಎಂದಳು.

ನೀರು ತಾಗಿಸಬೇಡ, ಮರ ಕೆಡುತ್ತದೆ ಎಂದು ಪುಣೆಯಲ್ಲಿ ಹತ್ತು ಸಲ ಹೇಳಿ ಕಳಿಸಿದ್ದರು. ಆವಲಪ್ಪ ಆ ಮಾತೆತ್ತದೆ ಬೂಟನ್ನು ಮುಂದಕ್ಕೆ ಚಾಚಿದ.